ಹೊರಗೆ ಹಿಡಿಕೆಯಿಲ್ಲದ ಬಾಗಿಲು

ಜಾಕ್ ರಾಡ್ ಅವನ ಮಣಿಕಟ್ಟಿಗೆ ಬಿದ್ದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಒಣಗಿದ ಕಡ್ಡಿ ಮುರಿದ ಹಾಗೆ... ಸಣ್ಣದೊಂದು ಸದ್ದು.

ಅವನ ಕೈಯಲ್ಲಿದ್ದ ಚೂಪು ಮೂತಿಯ ಸುತ್ತಿಗೆ ಜಾರಿ ನೆಲಕ್ಕೆ ಬಿತ್ತು. ಅವನು ಕೂಗಲಿಲ್ಲ. ಬಲಗೈಯನ್ನು ಎದೆಗೆ ಒತ್ತಿಕೊಂಡು, ಮೊಣಕಾಲೂರಿ, ಕಾರಿಗೆ ಒರಗಿ ಕುಳಿತ.

"ಅವನೇ ಹೇಳಿದ್ನಾ ಒಡೀಲಿಕ್ಕೆ?" ಪ್ರೇರಣಾಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಹೇಳು. ಅವನೇ ತಾನೇ?"

"ಯಾರು ಮೇಡಂ?"

"ರವಿಶಂಕರ. ಸಾಗರದ ರವಿಶಂಕರ."

"ಆ ಹೆಸರಿನವ್ರು ನಂಗೆ ಗೊತ್ತಿಲ್ಲ." ಅವನ ಹಣೆಯಲ್ಲಿ ಬೆವರು ಒಡೆದಿತ್ತು. "ನೀವು... ಹೊಸನಗರದಿಂದ ಫೋನ್ ಮಾಡಿದ್ರಲ್ಲ, ಪ್ರೇರಣಾ ಅವ್ರಾ?"

ರಾಡ್ ಇನ್ನೂ ಅವಳ ಕೈಯಲ್ಲಿ ಎತ್ತಿದ ಹಾಗೇ ಇತ್ತು.

ಎರಡು ದಿನದ ಹಿಂದೆ ಅಪ್ಪನ ಕಾರನ್ನು ಸಾಗರದಿಂದ ಮಿನಿ ಲಾರಿಗೆ ಹೇರಿಸಿ ರಿಪ್ಪನ್‌ಪೇಟೆಯ ಈ ಟಿಂಕರಿಂಗ್ ಶೆಡ್ಡಿಗೆ ಕಳಿಸಿದ್ದಳು. ಹೇರಂಬ ಅನ್ನುವವನು ತಗಡಿನ ಕೆಲಸಕ್ಕೆ ಒಳ್ಳೆಯ ಕೈ ಅಂತ ಯಾರೋ ಹೇಳಿದ್ದರು. ಇವತ್ತು ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿ ಬಂದರೆ... ಬಾಗಿಲಗಲದ ಗಂಡಸೊಬ್ಬ ಅಪ್ಪನ ಕಾರಿನ ಮೇಲೆ ಬಗ್ಗಿ, ಸುತ್ತಿಗೆಯ ಚೂಪು ಮೂತಿಯಿಂದ ಒಂದೊಂದೇ ಹೊಡೆತ ಹೊಡೆಯುತ್ತ, ತೂತು ಮಾಡುತ್ತಿದ್ದ. ಮಡ್‌ಗಾರ್ಡ್ ತುಂಬ ತೂತು. ಬಾಗಿಲ ಕೆಳಗೆ ತೂತು.

ಆಮೇಲೆ ರಾಡ್ ಅವಳ ಕೈಗೆ ಹೇಗೆ ಬಂತೋ ಗೊತ್ತಿಲ್ಲ.

ಪಕ್ಕದ ಟೀ ಅಂಗಡಿಯ ಗುತ್ಯಮ್ಮ ಸೆರಗಿಗೆ ಕೈ ಒರೆಸುತ್ತ ಓಡಿ ಬಂದಳು.

"ಎಂತ ಮಾಡ್ದೆ ತಂಗಿ ನೀನು? ಅವ ತುಕ್ಕು ನೋಡ್ತಿದ್ದ ಕಣೆ. ಟಿಂಕರಿಂಗಿನವ್ರು ಮೊದ್ಲು ಹಂಗೇ ನೋಡೋದು."

ಹೇರಂಬ ಎಡಗೈಯಲ್ಲಿ ಸುತ್ತಿಗೆ ಎತ್ತಿಕೊಂಡ. ಮಡ್‌ಗಾರ್ಡಿನ ಮೇಲ್ಗಡೆ ಮೆಲ್ಲಗೆ ತಟ್ಟಿದ. ಠಣ್ ಅಂತು. ಒಂದು ಗೇಣು ಕೆಳಗೆ ತಟ್ಟಿದ. ಡೊಬ್ ಅಂದು ಸುತ್ತಿಗೆಯ ಮೂತಿ ಒಳಗೇ ಹೋಯಿತು.

"ಮೇಲೆ ಬಣ್ಣ ಚೆಂದ ಇರುತ್ತೆ ಮೇಡಂ. ಒಳಗೆ ತುಕ್ಕು ತಿಂದಿರುತ್ತೆ. ಹೊಡೆದು ನೋಡದೆ ತಿಳಿಯೋದಿಲ್ಲ... ನೀವು ಬರೋ ಮುಂಚೆ ಹೇಳಬೇಕಿತ್ತು ನಾನು. ತಪ್ಪಾಯ್ತು."

ತಪ್ಪಾಯ್ತು ಅಂದವನು ಅವನು.

ರಾಡ್ ಅವಳ ಕೈಯಿಂದ ಬಿದ್ದಿದ್ದು ಆಗ.

*

"ಹೇಗಾಯ್ತು?" ಡಾಕ್ಟರು ಎಕ್ಸ್-ರೇ ಬೆಳಕಿಗೆ ಹಿಡಿದು ಕೇಳಿದರು.

"ಜಾಕ್ ಜಾರ್ತು ಡಾಕ್ಟ್ರೆ," ಅಂದ ಹೇರಂಬ.

ಪ್ರೇರಣಾ ಗೋಡೆಗೆ ತಾಗಿ ನಿಂತಿದ್ದವಳು ಕಣ್ಣು ಮುಚ್ಚಿಕೊಂಡಳು.

ಬಚ್ಚಲಲ್ಲಿ ಕಾಲು ಜಾರ್ತು ಡಾಕ್ಟ್ರೆ. ಸಾಮಿಲ್ಲಿನ ಹಲಗೆ ಬಿತ್ತು ಡಾಕ್ಟ್ರೆ. ಒಂಬತ್ತು ವರ್ಷದ ಸಂಸಾರದಲ್ಲಿ ಅವಳು ಎಷ್ಟು ಸಲ ಜಾರಿದ್ದಳು... ರೋಗಿಯ ಕುರ್ಚಿಯಲ್ಲಿ ಅವಳು ಕೂತು ಜಾರಿದ ಕಥೆ ಹೇಳುವಾಗ ರವಿಶಂಕರ ಹೀಗೇ, ಗೋಡೆಗೆ ತಾಗಿ, ಮುಖ ಸಣ್ಣ ಮಾಡಿಕೊಂಡು ನಿಂತಿರುತ್ತಿದ್ದ. "ಎಷ್ಟು ಹೇಳಿದ್ರೂ ನೋಡಿ ನಡಿಯೋದಿಲ್ಲ ಡಾಕ್ಟ್ರೆ" ಅನ್ನುತ್ತಿದ್ದ.

ಇವತ್ತು ಆ ಗೋಡೆಗೆ ನಾನು ನಿಂತಿದ್ದೇನೆ!

"ಜಾರಿದ್ದಲ್ಲ," ಅಂದಳು. "ನಾನು ಹೊಡೆದೆ. ರಾಡಿನಲ್ಲಿ."

ಡಾಕ್ಟರ ಪೆನ್ನು ನಿಂತಿತು. ಹೇರಂಬ ತಿರುಗಿ ನೋಡಿದ.

ಹೊರಗೆ ಬೆಂಚಿನ ಮೇಲೆ ಕೂತಾಗ ಹೇರಂಬನಿಗೆ ಮೊಣಕೈವರೆಗೂ ಪ್ಲಾಸ್ಟರ್. ಫೋನಿನಲ್ಲಿ ತಾಯಿಗೆ, "ಎಂತೂ ಆಯ್ದಿಲ್ಲೆ ಅಮ್ಮ, ಸಣ್ಣ ಪೆಟ್ಟು" ಅನ್ನುತ್ತಿದ್ದ. ಫೋನ್ ಇಟ್ಟ ಮೇಲೆ ಕೇಳಿದ.

"ಯಾಕೆ ಹೇಳಿದ್ರಿ? ಪೊಲೀಸು ಗಿಲೀಸು ಅಂತ ಸುಮ್ನೆ ನಿಮಗೇ ತಾಪತ್ರಯ."

"ಜಾರಿ ಬಿದ್ದೆ ಅನ್ನೋ ಮಾತನ್ನ ನನ್ನೆದುರಿಗೆ ಯಾರೂ ಹೇಳಬಾರದು. ಅಷ್ಟೇ."

ಅವನು ಪ್ಲಾಸ್ಟರನ್ನೊಮ್ಮೆ ತಿರುಗಿಸಿ ನೋಡಿದ. "ಆರೇಳು ವಾರ ಈ ಕೈ ಏಳೋದಿಲ್ಲ. ಕಾರನ್ನ ಬೇರೆ ಕಡೆ ತಗೊಂಡು ಹೋಗಿ" ಅಂದ.

"ಇಲ್ಲ. ನಾನು ಮುರಿದ ಕೈ ಅದು. ಅದರ ಕೆಲಸ ನಾನು ಮಾಡ್ತೀನಿ. ನೀವು ಹೇಳಿಕೊಡಿ."

"ಸುತ್ತಿಗೆ ಹಿಡಿದು ಗೊತ್ತುಂಟಾ?"

"ಸೂಜಿ ಹಿಡಿದು ಗೊತ್ತು. ದಿನಾ ನಲವತ್ತು ಜನರ ರಕ್ತ ತೆಗೀತೀನಿ."

"ನೋವಾಗದ ಹಾಗಾ?"

"ಆಗದ ಹಾಗೆ."

"ಹಾಗಾದ್ರೆ ಬರಬಹುದು," ಅಂದ ಹೇರಂಬ. "ತಗಡಿಗೂ ಅಷ್ಟೇ ಬೇಕಿರೋದು."

ಬೆಂಚಿನ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ಅವಳು. ನಡುವೆ ಒಂದು ಮಾರು ಜಾಗ. ಎರಡು ತೋಳು ಚಾಚಿದಷ್ಟು ಉದ್ದ. ಸಾಗರ ಬಿಟ್ಟು ಬಂದ ದಿನ ಪ್ರೇರಣಾ ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದಳು. ಇನ್ನು ಬದುಕಿರುವವರೆಗೂ ಯಾವ ಗಂಡಸಿನ ಕೈಗೂ ಎಟುಕುವಷ್ಟು ಹತ್ತಿರ ನಿಲ್ಲುವುದಿಲ್ಲ.

ಆದರೆ ತನ್ನ ಕೈಗೆ ಯಾರು ಗೆರೆ ಎಳೆಯಬೇಕು? ಅದನ್ನು ಅವಳು ಯೋಚಿಸಿರಲೇ ಇಲ್ಲ.

*

ಆ ಕಾರು ಅವಳ ಅಪ್ಪ ಗೋವಿಂದನದು. ಮಾಣಿ ಅಣೆಕಟ್ಟು ಕಟ್ಟುವಾಗ ಅವನು ಮಾಸ್ತಿಕಟ್ಟೆಯಲ್ಲಿ ಎಂಜಿನಿಯರೊಬ್ಬರಿಗೆ ಡ್ರೈವರ್ ಆಗಿದ್ದ. ಅವರು ಊರು ಬಿಡುವಾಗ, "ನಂಗಿಂತ ಚೆನ್ನಾಗಿ ನೋಡ್ಕೊಂಡಿದ್ದು ನೀನು, ಇಟ್ಕೋ ಗೋವಿಂದ" ಅಂತ ಕೊಟ್ಟು ಹೋದ ಕಾರು. ಐವತ್ತೇಳನೇ ಇಸವಿಯ ಎಂ.ಜಿ. ಎರಡೇ ಸೀಟು. ತಲೆಯ ಮೇಲೆ ಮಡಚುವ ಕ್ಯಾನ್ವಾಸಿನ ಮಾಡು. ಕೂತರೆ ನೆಲಕ್ಕೆ ಕೈ ತಾಗುವಷ್ಟು ತಗ್ಗು. ಒಂದು ಕಾಲದಲ್ಲಿ ಕೆಂಪು.

ಅದರ ಬಾಗಿಲಿಗೆ ಹೊರಗೆ ಹಿಡಿಕೆಯೇ ಇಲ್ಲ. ಒಳಗೆ ಕೈ ಇಳಿಬಿಟ್ಟು ಸಣ್ಣದೊಂದು ತಂತಿ ಎಳೆಯಬೇಕು. "ಒಳಗಿದ್ದೋರು ಒಪ್ಪಿದ್ರೆ ಮಾತ್ರ ತೆಗಿಯೋ ಬಾಗಿಲು ಪುಟ್ಟಿ ಇದು" ಅಂತ ಅಪ್ಪ ನಗುತ್ತಿದ್ದ. ಕವಲೇದುರ್ಗದ ಕೋಟೆಯ ಬುಡದವರೆಗೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ.

ಅಪ್ಪ ತೀರಿಹೋದ. ಮದುವೆಯಾದ ಮೇಲೆ ಕಾರು ರವಿಶಂಕರನ ಸಾಮಿಲ್ಲಿನ ಹಿಂದಿನ ಶೆಡ್ಡಿಗೆ ಸೇರಿತು. ಹತ್ತು ವರ್ಷ ಅದರ ಮೇಲೆ ಮರದ ಹೊಟ್ಟು ಬಿತ್ತು. ಡೈವೋರ್ಸಿನ ಕಾಗದ ಕೈಗೆ ಬಂದಾಗ ಅವಳು ಆ ಮನೆಯಿಂದ ಕೇಳಿದ್ದು ಅದೊಂದನ್ನೇ.

ಮೊದಲ ಭಾನುವಾರ ಹೇರಂಬ ಬಾನೆಟ್ಟನ್ನು ಬಿಚ್ಚಿಸಿ ಬೆಂಚಿನ ಮೇಲೆ ಇಡಿಸಿದ. ಎಂಜಿನ್ ಕೆಲಸಕ್ಕೆ, ಕೊಳೆತ ತಗಡು ಕತ್ತರಿಸಿ ಬೆಸೆಯುವುದಕ್ಕೆ ತೀರ್ಥಹಳ್ಳಿಯಿಂದ ಅವನ ಗೆಳೆಯ ಮಂಜುನಾಥಪ್ಪ ವಾರಕ್ಕೆರಡು ಸಲ ಬರುತ್ತಿದ್ದ. ಬಾನೆಟ್ ಮಾತ್ರ ಪ್ರೇರಣಾಳ ಪಾಲಿಗೆ.

ಬಾನೆಟ್ಟಿನ ಮೇಲೆ ಏಳು ನಗ್ಗುಗಳಿದ್ದವು.

ಹೇರಂಬ ಅವುಗಳ ಸುತ್ತ ಎರಡು ಸುತ್ತು ಬಂದ. ಎಡಗೈ ಬೆರಳಿನಿಂದ ಒಂದೊಂದರ ಅಂಚನ್ನೂ ಸವರಿದ. ಆಮೇಲೆ ಅವಳಿಂದ ಸರಿಯಾಗಿ ಒಂದು ಮಾರು ದೂರ ನಿಂತು ಮಾತಾಡಿದ.

"ಇದು ಎಲ್ಲಿಗೋ ಗುದ್ದಿದ್ದಲ್ಲ. ಕೊಡಲಿಯ ಹಿಂಬದಿ. ಹೊಡೆದವ್ರು ಎಡಗಡೆ ನಿಂತಿದ್ರು. ಬಲಗೈಯವ್ರು. ನಿಮಗಿಂತ ಒಂದು ಗೇಣು ಎತ್ತರ. ಏಳೂ ಒಂದೇ ದಿನದ್ದಲ್ಲ, ಬಣ್ಣ ಬಿಟ್ಟ ರೀತಿ ಬೇರೆ ಬೇರೆ ಉಂಟು..." ಸ್ವಲ್ಪ ತಡೆದ. "ಎಲ್ಲಾ ನಗ್ಗೂ ಡ್ರೈವರ್ ಸೀಟಿನ ಕಡೆಗೇ ಮುಖ ಮಾಡಿವೆ. ಆಗ ನೀವು ಎಲ್ಲಿದ್ರಿ ಮೇಡಂ?"

ಇಷ್ಟು ವರ್ಷದಲ್ಲಿ ವಕೀಲರೂ ಕೇಳದ ಪ್ರಶ್ನೆ.

"ಒಳಗೆ," ಅಂದಳು.

ಗುತ್ಯಮ್ಮ ತಂದಿಟ್ಟ ಟೀ ಕೆನೆಗಟ್ಟಿತು.

"ಅವನಿಗೆ ಸಿಟ್ಟು ಬಂದಾಗ ಓಡಿ ಹೋಗಿ ಕಾರಲ್ಲಿ ಕೂತ್ಕೊಳ್ತಿದ್ದೆ. ಮಾಡು ಎಳೆದು, ಪಕ್ಕದ ಪರದೆ ಬಿಗಿದು. ಕ್ಯಾನ್ವಾಸು ಹರಿದು ಎಳೀಬಹುದಿತ್ತು ಅವನಿಗೆ. ಎಳೀಲಿಲ್ಲ. ನಾನು ಒಳಗೆ ನಡುಗ್ತಾ ಕೂತಿರೋದು ನೋಡಬೇಕಿತ್ತು. 'ಕಾರಿಗೆ ಹೊಡೆದೆ, ನಿಂಗಲ್ಲವಲ್ಲ' ಅಂತಿದ್ದ. ಹೊರಗೆ ಸಿಕ್ಕಿದ ದಿನ... ಅದು ಬೇರೆ."

ಹೇರಂಬ ತಲೆ ತಗ್ಗಿಸಿ ಬಾನೆಟ್ಟನ್ನೇ ನೋಡುತ್ತಿದ್ದ. ಅಯ್ಯೋ ಪಾಪ ಅನ್ನಲಿಲ್ಲ. ಅದಕ್ಕೇ ಅವಳಿಗೆ ಉಸಿರಾಡಲು ಸಾಧ್ಯವಾಯಿತು.

"ಒಂದು ಕೇಳಬೇಕು," ಅಂದ. "ಕಷ್ಟ ಆದ್ರೆ ಬೇಡ. ನಗ್ಗು ತೆಗಿಯೋಕೆ ಒಂದು ಕ್ರಮ ಉಂಟು. ಕೊನೆಗೆ ಬಿದ್ದಿದ್ದನ್ನ ಮೊದಲು ತೆಗೀಬೇಕು. ಮೊದಲು ಬಿದ್ದಿದ್ದು ಕೊನೆಗೆ. ಇಲ್ದಿದ್ರೆ ತಗಡು ಎಳೆದು ಸೀಳುತ್ತೆ. ಕ್ರಮ ನಿಮಗೆ ನೆನಪುಂಟಾ?"

ನೆನಪುಂಟಾ?

ಅವಳು ಬೆರಳು ಚಾಚಿ ಬಲ ಅಂಚಿನ ನಗ್ಗನ್ನು ತೋರಿಸಿದಳು. "ಇದು ಕೊನೇದು. ನಾನು ಮನೆ ಬಿಟ್ಟ ಹಿಂದಿನ ದಿನ."

"ಹಾಗಾದ್ರೆ ಇದರಿಂದ ಶುರು."

*

ಬಾನೆಟ್ ಅಲ್ಯೂಮಿನಿಯಮ್ಮಿನದು. ಅದಕ್ಕೆ ಬಟ್ಟೆ ಸೋಪು ಉಜ್ಜಬೇಕು. ಕೆಳಗಿನಿಂದ ಬೆಂಕಿ ತೋರಿಸಬೇಕು. ಸೋಪು ಕಪ್ಪಾದ ಕ್ಷಣ ಬೆಂಕಿ ತೆಗೆಯಬೇಕು. ಆಗ ತಗಡು ಮೆತ್ತಗಾಗುತ್ತದೆ. ಹೊರಗಿನಿಂದ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿದು, ಒಳಗಿನಿಂದ ಅಂಚು ಬಿಡದೆ ಸುತ್ತಿಗೆ ತಟ್ಟಬೇಕು.

"ಕಾರಿಗೆ ಸೋಪು ಹಚ್ಚಿ ಬೆಂಕಿ ಇಡ್ತೀಯಲ್ಲ ಭಟ್ರ ಮಗನೇ," ಅಂತ ಗುತ್ಯಮ್ಮ ಅಂಗಡಿಯಿಂದಲೇ ಕೂಗುತ್ತಿದ್ದಳು. "ಮಂತ್ರ ಒಂದು ಬಾಕಿ. ಅದನ್ನೂ ಹೇಳಿಬಿಡು."

"ಮಂತ್ರ ಬಂದಿದ್ರೆ ಇಲ್ಲಿ ನಿನ್ನ ಟೀ ಕುಡಿದು ಯಾಕೆ ಸಾಯ್ತಿದ್ದೆ ಗುತ್ಯಮ್ಮ?"

ಪ್ರೇರಣಾಳ ಮೊದಲ ಹೊಡೆತಕ್ಕೆ ತಗಡು ಕಿರುಚಿತು. ಅವಳು ಕಣ್ಣು ಮುಚ್ಚಿ ಹೊಡೆದಿದ್ದಳು. ಯಾರ ಕೈ ಮೇಲೆದ್ದರೂ ಅವಳ ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು... ತನ್ನದೇ ಕೈ ಎದ್ದರೂ.

"ಕಣ್ಣು ಬಿಟ್ಟು ಹೊಡೀರಿ," ಅಂದ ಹೇರಂಬ ದೂರದಿಂದ. "ಸಿಟ್ಟಿಂದಲ್ಲ. ತಗಡಿಗೆ ಅದರ ಹಳೇ ಆಕಾರ ನೆನಪುಂಟು. ನೀವು ಕೇಳಿದ್ರೆ ಸಾಕು, ಅದೇ ಬರುತ್ತೆ."

ಒಂದು ಭಾನುವಾರಕ್ಕೆ ಒಂದು ನಗ್ಗು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಪ್ರತಿ ನಗ್ಗಿನ ಕಥೆಯನ್ನೂ ಅವಳು ಸುತ್ತಿಗೆಯ ಸದ್ದಿನ ನಡುವೆ ಹೇಳಿದಳು. ಆರನೆಯದು, ತವರಿಂದ ಬಂದ ಫೋನಿಗೆ ನಕ್ಕಿದ್ದಕ್ಕೆ. ಐದನೆಯದು, ಲ್ಯಾಬಿನ ಕೋರ್ಸಿಗೆ ಅರ್ಜಿ ಹಾಕಿದ್ದಕ್ಕೆ. ನಾಲ್ಕನೆಯದಕ್ಕೆ ಕಾರಣವೇ ಇರಲಿಲ್ಲ. ಹೇಳಿ ಮುಗಿಯುವಷ್ಟರಲ್ಲಿ ತಗಡು ಮೇಲೆದ್ದಿರುತ್ತಿತ್ತು.

ಬರಬರುತ್ತ ಅವಳು ಭಾನುವಾರಕ್ಕಾಗಿ ಕಾಯತೊಡಗಿದಳು. ಸೋಮವಾರದಿಂದಲೇ.

ಆದರೆ ಹೇರಂಬ ಒಮ್ಮೆಯೂ ಹತ್ತಿರ ಬರಲಿಲ್ಲ. ಸುತ್ತಿಗೆ ಬೇಕೆಂದರೆ ಕೈಗೆ ಕೊಡುತ್ತಿರಲಿಲ್ಲ, ಬೆಂಚಿನ ತುದಿಯಲ್ಲಿಟ್ಟು ಹಿಂದೆ ಸರಿಯುತ್ತಿದ್ದ. ಟೀ ಲೋಟವನ್ನೂ ಹಾಗೇ. ಅವಳು ಕಾರಿನೊಳಗೆ ಕೂತು ನೆಲಕ್ಕೆ ಹಾಸುವ ಮರದ ಹಲಗೆ ಅಳೆಯುವಾಗ ಬಾಗಿಲ ಮೇಲೆ ಒಂದು ಬೆರಳಿಂದ ತಟ್ಟಿ, ಅವಳೇ ತೆಗೆಯುವವರೆಗೂ ನಿಂತಿರುತ್ತಿದ್ದ.

'ನನ್ನ ಕಂಡ್ರೆ ಹೆದರಿಕೆ ಅವನಿಗೆ,' ಅಂದುಕೊಂಡಳು. 'ಇಷ್ಟಕ್ಕೂ ಯಾಕೆ ಹೆದರಬಾರದು? ಹೇಳದೆ ಕೇಳದೆ ರಾಡ್ ಎತ್ತಿದವಳು ನಾನು. ರವಿಶಂಕರನ ಕೈ ನನ್ನ ತೋಳಿಗೇ ಅಂಟಿಕೊಂಡು ಬಂದಿದೆ...'

ಆರನೆಯ ಭಾನುವಾರ ಬಸ್ಸಿನಲ್ಲಿ ವಾಪಸ್ಸು ಹೋಗುವಾಗ ಕಿಟಕಿಗೆ ಮುಖ ಮಾಡಿ ಅತ್ತಳು. ಬಾನೆಟ್ಟಿನಲ್ಲಿ ಇನ್ನು ಒಂದೇ ನಗ್ಗು ಉಳಿದಿತ್ತು. ಅದು ಎದ್ದ ಮೇಲೆ ಶೆಡ್ಡಿಗೆ ಬರಲು ನೆಪವೂ ಇರುವುದಿಲ್ಲ.

*

ಏಳನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಶೆಡ್ಡಿನ ಮುಂದೆ ಬಿಳಿ ಜೀಪೊಂದು ಬಂದು ನಿಂತಿತು. ಹೊಸದು. ನಂಬರ್ ಪ್ಲೇಟಿಗೆ ಕಟ್ಟಿದ ಮಾಲೆ ಇನ್ನೂ ಒಣಗಿರಲಿಲ್ಲ.

ಪ್ರೇರಣಾ ಕಾರಿನೊಳಗೆ ಕೂತು ಹೊಸ ಹಲಗೆಗೆ ಸ್ಕ್ರೂ ತಿರುಗಿಸುತ್ತಿದ್ದಳು. ಬಾನೆಟ್ಟನ್ನು ಅಳತೆ ನೋಡಲು ಕಾರಿನ ಮೇಲೆ ಕೂರಿಸಿದ್ದರು. ಆ ಚಪ್ಪಲಿ ಸದ್ದು ಅವಳಿಗೆ ನೂರು ಜನರ ನಡುವೆಯೂ ಗೊತ್ತಾಗುತ್ತಿತ್ತು. ಕೈ ನಿಂತಿತು.

"ಅಪ್ಪನ ಡಬ್ಬ ರಿಪೇರಿ ಆಗ್ತಿದೆಯಂತೆ," ರವಿಶಂಕರನ ದನಿ ಮೆತ್ತಗಿತ್ತು. ಯಾವಾಗಲೂ ಮೆತ್ತಗೇ ಶುರುವಾಗುತ್ತಿತ್ತು. "ನೋಡ್ಕೊಂಡು ಹೋಗೋಣ ಅಂತ ಬಂದೆ. ಎಲ್ಲಿ ನಮ್ಮ ಮೇಡಮ್ಮು? ಒಳಗೇ ಕೂತಿದ್ದಾಳಾ? ಇನ್ನೂ ಬಿಟ್ಟಿಲ್ಲ ಆ ಚಟ?"

"ಶೆಡ್ಡಿಗೆ ಇವತ್ತು ರಜೆ," ಅಂದ ಹೇರಂಬ. "ನಾಳೆ ಬನ್ನಿ."

"ಭಾನುವಾರ ಭಾನುವಾರ ಎಂಥ ಟಿಂಕರಿಂಗು ನಡೀತದೆ ಇಲ್ಲಿ ಅಂತ ಊರೆಲ್ಲ ಮಾತು. ಕೈಗೆ ಎಂತ ಆಯ್ತು ಭಟ್ರೆ? ಜಾರಿದ್ರಾ?"

"ಅವ್ರು ಹೊಡೆದ್ರು," ಅಂದ ಹೇರಂಬ ಶಾಂತವಾಗಿ.

ರವಿಶಂಕರ ಜೋರಾಗಿ ನಕ್ಕ. ಆಮೇಲೆ ನಗು ನಿಂತಿತು. ಬೆಂಚಿನ ಕೆಳಗಿದ್ದ ದೊಡ್ಡ ಸುತ್ತಿಗೆ ಅವನ ಕಣ್ಣಿಗೆ ಬಿತ್ತು. ಅದನ್ನೆತ್ತಿಕೊಂಡು ಬಾನೆಟ್ಟಿನ ಎಡಗಡೆಗೆ ಬಂದು ನಿಂತ. ಅದೇ ಜಾಗ. ಅದೇ ದೂರ.

ಹೇರಂಬ ನಡುವೆ ಬಂದ. ಪ್ಲಾಸ್ಟರ್ ಕೈಯನ್ನು ಬಾನೆಟ್ಟಿನ ಮೇಲೆ ಅಡ್ಡ ಇಟ್ಟ.

ರವಿಶಂಕರ ಬೀಸಿದ ಸುತ್ತಿಗೆಯ ಮರದ ಹಿಡಿ ಹೇರಂಬನ ಬಾಯಿಗೆ ಬಡಿಯಿತು. ಅವನು ಬಿದ್ದ. ರಕ್ತ ಗದ್ದದಿಂದ ಅಂಗಿಗೆ, ಅಂಗಿಯಿಂದ ಬಿಳಿ ಪ್ಲಾಸ್ಟರಿಗೆ ಇಳಿಯಿತು. ಏಳಲು ಹೋದವನ ಪಕ್ಕೆಗೆ ರವಿಶಂಕರ ಒದ್ದ. ಮತ್ತೊಮ್ಮೆ ಒದ್ದ.

ಕಾರಿನೊಳಗೆ ಪ್ರೇರಣಾಳ ಬೆನ್ನು ಸೀಟಿಗೆ ಅಂಟಿತ್ತು. ಮೊಣಕಾಲು ಎದೆಗೆ ಬಂದಿತ್ತು. ಎಲ್ಲವೂ ಹಳೆಯದೇ... ಅದೇ ಸೀಟು, ಎಡಗಡೆಯಲ್ಲಿ ಅದೇ ಮನುಷ್ಯ.

ಒಂದು ಬೇರೆ ಇತ್ತು. ಈ ಸಲ ಪೆಟ್ಟು ತಿನ್ನುತ್ತಿದ್ದದ್ದು ತಗಡಲ್ಲ.

ಅವಳ ಬೆರಳು ತಂತಿಯನ್ನು ಹುಡುಕಿತು. ಎಳೆಯಿತು. ಟಕ್.

ರವಿಶಂಕರ ಎದುರಿಗಿರುವಾಗ ಆ ಬಾಗಿಲು ತೆರೆದದ್ದು ಅದೇ ಮೊದಲು.

ಅವಳು ಅವನ ಕಡೆ ನೋಡಲೇ ಇಲ್ಲ. ಬೆಂಚಿನ ಮೇಲಿದ್ದ ತನ್ನ ಸುತ್ತಿಗೆ ತೆಗೆದುಕೊಂಡು ನೇರ ಹೊರಗೆ ನಡೆದಳು. ಹೊಸ ಜೀಪಿನ ಎಡಗಡೆ ನಿಂತಳು. ಕಣ್ಣು ಬಿಟ್ಟುಕೊಂಡೇ ಹೊಡೆದಳು.

ಒಂದು. ಬಿಳಿ ಬಣ್ಣ ಚಿಪ್ಪಿನ ಹಾಗೆ ಹಾರಿತು. ಎರಡು. ಮೂರು.

"ಏಯ್! ಹುಚ್ಚು ಹಿಡಿದಿದೆಯಾ ನಿಂಗೆ?"

ನಾಲ್ಕು. ಕಾರಣವಿಲ್ಲದ್ದು. ಐದು. ಆರು. ಎಲ್ಲಿ ಹೊಡೆಯಬೇಕೆಂದು ಅವಳಿಗೆ ಯೋಚಿಸಬೇಕಾಗಿರಲಿಲ್ಲ. ಆರು ವಾರ ಆ ನಕ್ಷೆಯನ್ನು ಅಂಗೈಯಿಂದ ಓದಿದ್ದಳು.

ಏಳನೆಯದಕ್ಕೆ ಸುತ್ತಿಗೆ ಎತ್ತುವಾಗ ರವಿಶಂಕರ ಓಡಿ ಬಂದು ನಡುವೆ ನಿಂತ. ಮೇಲೆದ್ದ ಸುತ್ತಿಗೆ ನೋಡಿದ. ಅವಳ ಮುಖ ನೋಡಿದ.

ಎರಡೂ ತೋಳು ತಲೆಗೆ ಅಡ್ಡ ಹಿಡಿದು, ಕುತ್ತಿಗೆ ಭುಜದೊಳಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿಕೊಂಡ.

ಅವಳಿಗೆ ಆ ಭಂಗಿ ಗೊತ್ತಿತ್ತು. ಹೊರಗಿನಿಂದ ಅದು ಹೀಗೆ ಕಾಣುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಇಷ್ಟು ಸಣ್ಣದಾಗಿ... ಇದನ್ನು ನೋಡಿಯೂ ಒಂಬತ್ತು ವರ್ಷ ಅವನು ಕೈ ಇಳಿಸಿರಲಿಲ್ಲ.

ಸುತ್ತಿಗೆ ಅವಳ ಕೈಯಲ್ಲಿ ಎತ್ತಿದ ಹಾಗೇ ಇತ್ತು. ಹೊಡೆಯಬೇಕು ಅನ್ನಿಸಿತು. ತುಂಬಾ ಅನ್ನಿಸಿತು.

ಸುತ್ತಿಗೆ ಇಳಿಸಿದಳು.

"ಹೋಗು," ಅಂದಳು. "ಕೊನೆಗೆ ಬಿದ್ದಿದ್ದನ್ನ ಮೊದಲು ತೆಗಿಸು. ಇಲ್ದಿದ್ರೆ ತಗಡು ಸೀಳುತ್ತೆ."

"ಕಂಪ್ಲೇಂಟ್ ಕೊಡ್ತೀನಿ. ನೋಡ್ತಾ ಇರು."

"ಕೊಡು ಮಾರಾಯ," ಗುತ್ಯಮ್ಮ ಆಗಲೇ ಹೇರಂಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ನೀನು ಮೊದ್ಲು ಹೋದ್ರೂ ಸೈ, ನಾವು ಮೊದ್ಲು ಹೋದ್ರೂ ಸೈ. ಭಟ್ರ ಮಗನ ಹಲ್ಲು ಇಲ್ಲೇ ಐತೆ. ಪೇಪರಲ್ಲಿ ಕಟ್ಟಿ ಇಟ್ಟಿದೀನಿ."

ಜೀಪು ಹೋದ ಧೂಳು ಕೂರುವುದಕ್ಕೆ ಬಹಳ ಹೊತ್ತು ಬೇಕಾಯಿತು.

*

ಸಂಜೆ ಠಾಣೆಯಲ್ಲಿ ಪ್ರೇರಣಾ ಎಲ್ಲವನ್ನೂ ಬರೆದುಕೊಟ್ಟಳು. ಜೀಪಿಗೆ ತಾನು ಹೊಡೆದ ಆರು ಪೆಟ್ಟನ್ನೂ ಬಿಡಲಿಲ್ಲ. ಆಚೆ ಬಂದಾಗ ಹೇರಂಬ ಮೆಟ್ಟಿಲ ಮೇಲೆ ಕೂತಿದ್ದ. ತುಟಿಗೆ ಮೂರು ಹೊಲಿಗೆ. ಅವಳು ಬಂದದ್ದು ನೋಡಿ ಮೆಟ್ಟಿಲ ಆ ತುದಿಗೆ ಸರಿದ.

ಅವಳಿಗೆ ತಡೆಯಲಾಗಲಿಲ್ಲ.

"ಅಷ್ಟು ಹೆದರಿಕೆಯಾ ನನ್ನ ಕಂಡ್ರೆ? ಇವತ್ತು ನೋಡಿದ ಮೇಲಂತೂ... ಇರಬಹುದು. ನಂಗೇ ಹೆದರಿಕೆ ಆಯ್ತು. ಅವನ ಕೈ ನನ್ನ ಮೈಗೇ ಬಂದುಬಿಟ್ಟಿದೆ ಅಂತ."

"ಅವ್ರು ಯಾವತ್ತಾದ್ರೂ ಏಳನೇದು ನಿಲ್ಲಿಸಿದ್ರಾ?" ಊದಿದ ಬಾಯಲ್ಲಿ ಮಾತು ತೊದಲುತ್ತಿತ್ತು.

"ಇಲ್ಲ."

"ನೀವು ನಿಲ್ಲಿಸಿದ್ರಿ. ಹಾಗಾದ್ರೆ ಅದು ಅವ್ರ ಕೈ ಅಲ್ಲ."

"ಮತ್ತೆ ಯಾಕೆ ದೂರ ಹೋಗ್ತೀರಿ? ಯಾವಾಗಲೂ?"

ಹೇರಂಬ ನೆಲ ನೋಡುತ್ತ ಹೇಳಿದ.

"ಆ ದಿನ ಆಸ್ಪತ್ರೆ ಬೆಂಚಲ್ಲಿ ನೀವು ಅಳೆದು ಕೂತ್ರಿ. ಒಂದು ಮಾರು. ನರ್ಸ್ ಅಣ್ಣ ಬಂದ್ರೂ ಒಂದು ಮಾರು, ಆಟೋದವ್ರಿಗೂ ಒಂದು ಮಾರು. ತಗಡಿನವನಲ್ವಾ, ಅಳತೆ ಕಣ್ಣಿಗೆ ಬೀಳುತ್ತೆ. ನೀವು ಹಾಕಿದ ಅಳತೆ. ನಾನ್ಯಾಕೆ ಮುರೀಲಿ ಅಂತ... ನಾನೇ ಅಷ್ಟು ದೂರ ಇಟ್ಕೊಂಡೆ. ಕಷ್ಟ ಆಗ್ತಿತ್ತು. ಭಾನುವಾರ ಅಂತೂ ತುಂಬಾ."

ಏಳು ವಾರ ಆ ದೂರವನ್ನು ಪ್ರೇರಣಾ ಅವನ ಹೆದರಿಕೆ ಅಂದುಕೊಂಡಿದ್ದಳು!

ಮೆಟ್ಟಿಲ ಮೇಲೆ ಕೂತಳು. ಒಂದು ಮಾರಿಗಿಂತ ಸ್ವಲ್ಪ ಕಡಿಮೆ ಜಾಗ ಬಿಟ್ಟು.

*

ಉಳಿದಿದ್ದ ಕೊನೆಯ ನಗ್ಗು ಬಾನೆಟ್ಟಿನ ನಟ್ಟನಡುವೆ ಇತ್ತು. ಎಲ್ಲಕ್ಕಿಂತ ಮೊದಲು ಬಿದ್ದದ್ದು, ಎಲ್ಲಕ್ಕಿಂತ ಆಳದ್ದು. ಮದುವೆಯಾದ ಎಂಟನೇ ತಿಂಗಳು, ಕೇಳದೆ ಕಾರು ಹೊರಗೆ ತೆಗೆದು ಸಾಗರದ ಬಸ್ ಸ್ಟ್ಯಾಂಡಿನವರೆಗೂ ಓಡಿಸಿಕೊಂಡು ಹೋಗಿ ಬಂದದ್ದಕ್ಕೆ ಬಿದ್ದದ್ದು. ಅದನ್ನೂ ಅವಳೇ ಎಬ್ಬಿಸಿದಳು. ಎರಡು ಭಾನುವಾರ ಹಿಡಿಯಿತು. ಈ ಸಲ ಹೊರಗಿನಿಂದ ಕಬ್ಬಿಣದ ಗಟ್ಟಿ ಹಿಡಿದವನು ಹೇರಂಬ, ಪ್ಲಾಸ್ಟರ್ ಬಿಚ್ಚಿದ ತೆಳ್ಳಗಿನ ಕೈಯಿಂದ.

ಬಣ್ಣ ಒಣಗಿದ ದಿನ ಮಂಜುನಾಥಪ್ಪ ಎಂಜಿನ್ ಚಾಲೂ ಮಾಡಿ, "ನಂದಾಯ್ತು ಮಾರಾಯ್ರೆ, ಇನ್ನು ನೀವುಂಟು ನಿಮ್ಮ ಕೆಂಪು ಡಬ್ಬ ಉಂಟು" ಅಂತ ಬಸ್ಸಿಗೆ ಹೊರಟ. ಪ್ರೇರಣಾ ಸ್ಟಿಯರಿಂಗ್ ಹಿಂದೆ ಕೂತಳು. ಮಾಡು ಮಡಚಿತ್ತು. ಕವಲೇದುರ್ಗಕ್ಕೆ ಹೊರಟಿದ್ದಳು.

ಆ ಕಡೆಯ ಬಾಗಿಲ ಮೇಲೆ ಒಂದು ಬೆರಳು ತಟ್ಟಿತು.

"ಹತ್ತಬಹುದಾ?"

"ಹತ್ತಿ."

"ಬಾಗಿಲು..."

ಅವಳು ಕೈ ಚಾಚಿ ತಂತಿ ಎಳೆಯಬಹುದಿತ್ತು. ಎಳೆಯಲಿಲ್ಲ.

"ನೀವೇ ಕೈ ಹಾಕಿ ತೆಗೀರಿ," ಅಂದಳು.

ಹೇರಂಬ ಅವಳ ಮುಖ ನೋಡಿದ. ಆಮೇಲೆ ಬಲಗೈ ಎತ್ತಿದ, ಅವಳು ಮುರಿದ ಕೈ. ಅದು ಬಾಗಿಲ ಅಂಚು ದಾಟಿ, ಅವಳ ಕಡೆಗೆ, ಅವಳಿಗೆ ಎಟುಕುವಷ್ಟು ಹತ್ತಿರಕ್ಕೆ ಬಂತು. ನಿಧಾನವಾಗಿ ಕೆಳಗಿಳಿಯಿತು. ತಂತಿ ಹುಡುಕಿತು.

ಟಕ್.

ಅವನು ಕೂತ ಮೇಲೂ ಕಾರು ಹೊರಡಲಿಲ್ಲ. ಗುತ್ಯಮ್ಮ ಅಂಗಡಿಯಿಂದ, "ಹೋಗ್ತೀರೋ ಇಲ್ಲ ಅಲ್ಲೇ ಸಂಸಾರ ಹೂಡ್ತೀರೋ?" ಅಂತ ಕೂಗಿದಳು.

"ನೀವು ಕಣ್ಣು ಮುಚ್ಚಲಿಲ್ಲ," ಅಂದ ಹೇರಂಬ ಮೆಲ್ಲಗೆ.

"ಯಾವಾಗ?"

"ನಾನು ಕೈ ಎತ್ತಿದಾಗ."

ಪ್ರೇರಣಾ ಗೇರ್ ಹಾಕಿದಳು.

"ನಿನ್ನನ್ನೇ ನೋಡ್ತಿದ್ದೆ," ಅಂದಳು.